ಸುನ್ನತಿ ಬ್ಯಾಡಂತ ದರ್ಗಾಕ್ಕೆ ಹೋದದ್ದು

ನಾನು ಸರ್ಕಾರಿ ದವಾಖಾನಿಯಲ್ಲಿ ಆಯಾ ಆಗಿದ್ದವಳು. ಕುಷ್ಟಗಿ ತಾಲೂಕಿನ ಒಂದು ಸಣ್ಣ ದವಾಖಾನಿ. ಡಾಕ್ಟರು ಬರುತ್ತಿದ್ದರು, ಹೋಗುತ್ತಿದ್ದರು. ನಾನು ಮತ್ತು ಅಂಗಳದ ಬೇವಿನ ಗಿಡ ಮಾತ್ರ ಅಲ್ಲೇ ಇದ್ದೆವು. ನಾಲ್ಕನೇತ್ತಿಗೆ ಸಾಲಿ ಬಿಟ್ಟವಳಿಗೆ ಅಲ್ಲಿ ಕೊಟ್ಟ ಕೆಲಸ ಅಂದರೆ ನೆಲ ಒರೆಸುವುದು, ಹೆರಿಗೆ ಆದ ಮೇಲೆ ಅರಿವಿ ತೊಳೆಯುವುದು, ಸೂಜಿ ಚುಚ್ಚುವಾಗ ಕೂಸಿನ ಕೈಕಾಲು ಹಿಡಿಯುವುದು. ಬಾಯಿ ಮಾಡುವುದು ಅಂತ ಯಾವ ಆರ್ಡರಿನಲ್ಲೂ ಬರೆದಿರಲಿಲ್ಲ. ಅದನ್ನು ನಾನಾಗೇ ಮೈಮೇಲೆ ಹಾಕಿಕೊಂಡೆ.

ನಮ್ಮ ಕಡೆ ಸಾಬರ ಓಣಿಯ ಹುಡುಗರಿಗೆ ಮೂರು, ಐದು, ಏಳು ಅಂತ ಬೆಸ ವರ್ಷ ನೋಡಿ ಸುನ್ನತಿ ಮಾಡಿಸುತ್ತಾರೆ. ಹೊಸ ಅಂಗಿ, ಕೊರಳಿಗೆ ಹೂವಿನ ಹಾರ, ಕುದುರಿ ಸಿಕ್ಕರೆ ಕುದುರಿ, ಸಿಗದಿದ್ದರೆ ಯಾರದಾದರೂ ಬೈಕು. ಊರೊಳಗೆ ಒಂದು ಸುತ್ತು ಮೆರವಣಿಗೆ. ಆಮೇಲೆ ಮನಿಗೆ ಒಬ್ಬ ಮುದುಕ ಬರುತ್ತಿದ್ದ. ನಾಲ್ಕು ಊರಿಗೆ ಅವನೊಬ್ಬನೇ. ಅವನ ಕೈ ಭಾಳ ಛಲೋ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಸಿಬಿಡುತ್ತಿದ್ದ. ಆದರೆ ಎಲ್ಲಾ ಹುಡುಗರಿಗೂ ಕತ್ತಿ ಒಂದೇ. ನೂರಕ್ಕೆ ಎಷ್ಟು ಮಂದಿಗೆ ಕೀವಾಗುತ್ತಿತ್ತೋ ನನಗೆ ಗೊತ್ತಿಲ್ಲ, ಕೀವಾದವರ ಅರಿವಿ ತೊಳೆದದ್ದು ಮಾತ್ರ ನಾನೇ.

ನಾನು ರಿಟೈರ್ ಆಗುವುದಕ್ಕೆ ಎರಡು ವರ್ಷ ಮುಂಚೆ ಮೇಲಿನಿಂದ ಒಬ್ಬ ಸಾಹೇಬರು ಬಂದು ಮೀಟಿಂಗ್ ಮಾಡಿದರು. ಈ ಮಂದಿ ಮಕ್ಕಳನ್ನು ದವಾಖಾನಿಗೆ ಯಾಕೆ ತರುವುದಿಲ್ಲ ಅಂತ ಎಲ್ಲರನ್ನೂ ಕೇಳಿದರು. ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತು "ಜಾಗೃತಿ ಇಲ್ಲ ಸರ್" ಅಂದರು. ನಾನು ಚಾ ಕೊಡುತ್ತಿದ್ದೆ. ಸಾಹೇಬರಿಗೆ ಬೇಜಾರಾಗಿತ್ತು ಅಂತ ಕಾಣುತ್ತದೆ, ಕಪ್ಪು ತಗೊಳ್ಳುತ್ತಾ ನನ್ನನ್ನೂ ಕೇಳಿದರು.

"ಸಾಹೇಬ್ರ," ಅಂದೆ, "ಅವ್ರ ಮನ್ಯಾಗ ಹಾರ ಐತಿ, ಸಕ್ಕರಿ ಐತಿ, ಅತ್ತಿಗೇರು ಕುಂತು ಹಾಡ್ತಾರ. ನಮ್ಮಲ್ಲಿ ಏನೈತಿ? ಫಿನಾಯಿಲ್ ವಾಸನಿ ಐತಿ. ನೀವಾದ್ರ ಎಲ್ಲಿಗೆ ಹೋಗ್ತೀರಿ?"

ಎಲ್ಲರೂ ನೆಲ ನೋಡಿದರು. ಸಾಹೇಬರು ನಕ್ಕರು. ಅವರು ನಕ್ಕದ್ದು ನೋಡಿ ಉಳಿದವರೂ ನಕ್ಕರು.

ಅವತ್ತಿನಿಂದ ತಿಂಗಳಿಗೆ ಒಂದು ಗುರುವಾರ ಆಪರೇಷನ್ ಡಾಕ್ಟರು ಬರುವುದು ಅಂತ ಆಯಿತು. ಹಾರ ಹಾಕಿಕೊಂಡೇ ಬರಲಿ, ಸಕ್ಕರಿ ಹಂಚಲಿ, ಕುದುರಿ ಗೇಟಿನ ತನಕ ಬರಲಿ, ಒಳಗೆ ಬ್ಯಾಡ ಅಂತ ನಿಯಮ ಮಾಡಿದರು. ಗೇಟಿನಿಂದ ಈಚೆಗೆ ಕುದುರಿ ಏನು ಮಾಡಿದರೂ ಅದನ್ನು ಬಳಿಯುವವಳು ನಾನೇ ಆಗಿದ್ದರಿಂದ ಆ ನಿಯಮವನ್ನು ನಾನು ಗಟ್ಟಿಯಾಗಿ ಪಾಲಿಸಿದೆ. ಆ ಮುದುಕನನ್ನೂ ಬಿಡಲಿಲ್ಲ. ಹುಡುಗನ ತಲೆಗೆ ಕೈಯಿಟ್ಟು ದೇವರ ಮಾತು ಹೇಳಲಿಕ್ಕೆ ಅವನಿಗೊಂದು ಕುರ್ಚಿ ಹಾಕಿದರು. "ಕತ್ತಿ ಅವರ್ದು, ಕುರ್ಚಿ ನಂದು," ಅಂದ ಮುದುಕ. "ಈ ವಯಸ್ಸಿಗೆ ಕುರ್ಚೀನೇ ಛಲೋ ಬಿಡವಾ."

ತಾಯಂದಿರನ್ನು ಕೂಡಿಸಿ ಮಾತಾಡುವ ಕೆಲಸ ನನಗೆ ಬಂತು. ನಮ್ಮ ಡಾಕ್ಟರ್ ಮೇಡಂ ಮೊದಲು ಹೇಳುತ್ತಿದ್ದರು: ಎಲ್ಲಾ ಗಂಡು ಕೂಸಿಗೂ ಇದನ್ನ ಮಾಡಿಸಿ ಅಂತ ನಾವು ಹೇಳುವುದಿಲ್ಲ, ಪದ್ಧತಿ ಇರುವವರಿಗೆ ಬ್ಯಾಡ ಅಂತಲೂ ಹೇಳುವುದಿಲ್ಲ, ಮಾಡಿಸುವುದಿದ್ದರೆ ಸ್ವಚ್ಛ ಜಾಗದಲ್ಲಿ ಮಾಡಿಸಿ, ಯಾವುದಾದರೂ ಕೂಸಿಗೆ ರೋಗದ ಸಲುವಾಗಿ ಬೇಕಿದ್ದರೆ ನಾವೇ ಹೇಳುತ್ತೇವೆ. ಅವರ ಮಾತು ಅಷ್ಟೇ. ಅದಾದ ಮೇಲೆ ನನ್ನದು ಶುರು.

"ಯಾಕ ಅಳ್ತೀರಿ ಯವ್ವಾ? ಗಿಡದ ಚಿಗುರು ಚಿವುಟಿದಷ್ಟು. ನನಗೊಬ್ಬ ಮೊಮ್ಮಗ ಇದ್ದು, ಅವನಿಗೆ ಬೇಕಂದಿದ್ರ, ನಾನೇ ಎತ್ಕೊಂಡು ಒಳಗ ಹೋಗ್ತಿದ್ದೆ."

ಆಗ ನನಗೆ ಮೊಮ್ಮಗ ಇರಲಿಲ್ಲ. ಇಲ್ಲದ ಮೊಮ್ಮಗನನ್ನು ಎತ್ತಿಕೊಳ್ಳುವುದು ಭಾಳ ಹಗುರ.

ರಿಟೈರ್ ಆದ ಮೇಲೆ ಮೊಮ್ಮಗ ಹುಟ್ಟಿದ. ಮಗ ಗಂಗಾವತಿ ಕಡೆಯ ಬಸ್ಸಿಗೆ ಕಂಡಕ್ಟರ್, ಒಂದು ದಿನ ಮನಿಯಲ್ಲಿದ್ದರೆ ಎರಡು ದಿನ ಬಸ್ಸಿನಲ್ಲಿ. ಸೊಸಿ ಬೀಜದ ಕಂಪನಿಯವರ ಬಲೆ ಹೊಚ್ಚಿದ ತೋಟದಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುವವಳು. ಈ ಹೂವಿನ ಪುಡಿ ತಗೊಂಡು ಆ ಹೂವಿಗೆ ಮುಟ್ಟಿಸುವ ಕೆಲಸ ಅದು. ಹೂವು ಅರಳಿದ ದಿನವೇ ಮಾಡಬೇಕು, ನಾಳೆ ಬರುತ್ತೇನೆ ಅಂದರೆ ಹೂವು ಕಾಯುವುದಿಲ್ಲ. ಹಾಗಾಗಿ ಕೂಸು ನನ್ನ ಕಡೆ. ಸೊಸಿ ಹನ್ನೆರಡನೇತ್ತಾ ಪಾಸು, ಮಾತು ಕಮ್ಮಿ. ನಮ್ಮ ಮನಿಯಲ್ಲಿ ಮಾತಿಗೆ ನಾನೊಬ್ಬಳೇ ಸಾಕಾಗಿದ್ದೆ ಅಂತ ಕಾಣುತ್ತದೆ.

ಕೂಸಿಗೆ ಎಂಟು ತಿಂಗಳಿದ್ದಾಗ ಒಂದು ಜ್ವರ ಬಂತು. ಹಲ್ಲು ಬರುವ ಜ್ವರ ಅಂದೆ. ಮತ್ತೆ ಬಂತು. ದೃಷ್ಟಿ ತಾಕೇತಿ ಅಂತ ಮೆಣಸಿನಕಾಯಿ ಇಳಿ ತೆಗೆದು ಒಲಿಗೆ ಹಾಕಿದೆ. ವರ್ಷ ತುಂಬುವುದರೊಳಗೆ ಮೂರನೇ ಸಲ ಬಂತು. ಉಚ್ಚಿ ಹೊಯ್ಯುವ ಮುಂಚೆ ಕೂಸು ಬೆನ್ನು ಸೆಟೆಸಿ ಕಿರುಚಿ ಅಳುತ್ತಿತ್ತು, ಹೊಯ್ದ ಮೇಲೆ ಬೆವತು ಸುಮ್ಮನಾಗುತ್ತಿತ್ತು. ಸೊಸಿ ನನ್ನ ಮೆಣಸಿನಕಾಯಿಯ ಘಾಟಿಗೆ ಕೆಮ್ಮುತ್ತಾ, "ಅತ್ತಿ, ಉಚ್ಚಿ ಪರೀಕ್ಷಾ ಮಾಡಿಸೂಣು," ಅಂದಳು. ಮಾಡಿಸಿದೆವು. ಉಚ್ಚಿಯಲ್ಲಿ ಸೋಂಕು. ಕೊಪ್ಪಳಕ್ಕೆ ಕಳಿಸಿ ಸ್ಕ್ಯಾನ್ ಮಾಡಿಸಿದರು. ಬಲಗಡೆಯ ಕಿಡ್ನಿ ಸ್ವಲ್ಪ ಊದಿತ್ತು. ಒಂದೂವರೆ ತಿಂಗಳು ಮುಲಾಮು ಹಚ್ಚಿ ನೋಡಿ ಅಂದರು. ಹಚ್ಚಿದೆವು.

ಆಮೇಲಿನ ಮಂಗಳವಾರ ತೋರಿಸಲಿಕ್ಕೆ ನಾನೊಬ್ಬಳೇ ಕೂಸನ್ನು ಎತ್ತಿಕೊಂಡು ಹೋದೆ. ಸೊಸಿಗೆ ತೋಟದಲ್ಲಿ ಹೂವು ಬಿಟ್ಟಿತ್ತು. ನನ್ನ ಹಳೇ ದವಾಖಾನಿ, ಅದೇ ಡಾಕ್ಟರ್ ಮೇಡಂ.

"ಆಯಮ್ಮ, ಮುಲಾಮಿಗೆ ಬಗ್ಗಲಿಲ್ಲ. ಮುಂದಿನ ಚರ್ಮ ಬಿಗಿ ಐತಿ, ಉಚ್ಚಿ ಪೂರಾ ಹೊರಗ ಬರವಲ್ದು. ನಿಂತು ನಿಂತು ಸೋಂಕಾಗಿ ಮ್ಯಾಲಕ್ಕ ಏರಾಕತ್ತೇತಿ. ಇನ್ನೊಂದು ಸಲ ಜ್ವರ ಬಂದ್ರ ಕಿಡ್ನಿಗೆ ಪೆಟ್ಟು. ಸಣ್ಣ ಆಪರೇಷನ್ ಮಾಡಿಸಬೇಕು."

"ಅಂದ್ರ... ಅದಾ?"

"ಅದೇ."

"ಸುನ್ನತೀನಾ?"

"ನೀವು ಹೆಸರು ಏನರ ಇಟ್ಕೋರಿ. ಸೋಮವಾರ ಕೊಪ್ಪಳದಾಗ ಅಡ್ಮಿಟ್ ಮಾಡ್ರಿ. ನಿಮಗ ನಾ ಏನು ಹೇಳೋದೈತಿ, ಊರಿಗೆಲ್ಲ ಹೇಳಿದವರು ನೀವು."

ಚೀಟಿ ಬರೆದು ಕೊಟ್ಟರು. ನಾನು "ಹೂಂರಿ ಮೇಡಂ" ಅಂದು ಅದನ್ನು ಮಡಿಚಿ ಎಲಿ ಅಡಿಕಿಯ ಚಂಚಿಯೊಳಗೆ, ಸುಣ್ಣದ ಡಬ್ಬಿಯ ಕೆಳಗೆ ಇಟ್ಟುಕೊಂಡೆ.

ಸಂಜಿಗೆ ಸೊಸಿ ಬಂದಳು. ಬೆರಳ ತುದಿಯೆಲ್ಲ ಟೊಮ್ಯಾಟೊ ಗಿಡದ ಹಸಿರು. ಕೈ ತೊಳೆಯುವುದರೊಳಗೇ ಕೇಳಿದಳು.

"ಏನಂದ್ರು ಅತ್ತಿ ಡಾಕ್ಟ್ರು?"

"ಇನ್ನೊಂದು ತಿಂಗಳು ಮುಲಾಮು ಹಚ್ಚರಿ ಅಂದ್ರು."

"ಇಷ್ಟೇನಾ?"

"ಇಷ್ಟೇ."

ನಾಲಿಗೆ ಎಲ್ಲೂ ತಡವರಿಸಲಿಲ್ಲ. ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿದ್ದರ ಲಾಭ ಅದು.

ಯಾಕೆ ಹಾಗೆ ಅಂದೆ ಅಂತ ಈಗ ಸುತ್ತಿ ಬಳಸಿ ಹೇಳುವುದಿಲ್ಲ. ಹೆದರಿಕಿ. ಕತ್ತಿಯ ಹೆದರಿಕಿ ಅಲ್ಲ, ಕತ್ತಿ ಭಾಳ ನೋಡೇನಿ. ಓಣಿಯ ಹೆಂಗಸರು ಏನಂತಾರೆ, ನಾಳೆ ಇವನು ದೊಡ್ಡವನಾಗಿ ಹಳ್ಳದಲ್ಲಿ ಗೆಳೆಯರ ಜೋಡಿ ಜಳಕ ಮಾಡುವಾಗ ಏನಂತಾರೆ, ಬೀಗರು ಏನಂತಾರೆ. ವರ್ಷದ ಕೂಸು, ಇನ್ನೂ ಗೋಡೆ ಹಿಡಿದು ನಿಲ್ಲುತ್ತಿತ್ತು, ನಾನು ಅದಕ್ಕೆ ಕನ್ಯಾ ಹುಡುಕಿ, ಬೀಗರ ಜೋಡಿ ಜಗಳಾನೂ ಆಡಿ ಮುಗಿಸಿದ್ದೆ. ಸಾಬರ ಮಕ್ಕಳಿಗೆ ಚಿಗುರು ಚಿವುಟಿದಷ್ಟು ಅಂದವಳಿಗೆ, ನಮ್ಮ ಕೂಸಿಗೆ ಅಂದಾಗ ಗಿಡಾನೇ ಕಡಿದಷ್ಟು ಆಯಿತು.

ಸುಮ್ಮನೆ ಕೂಡಲಿಕ್ಕೂ ಆಗಲಿಲ್ಲ. ಮತ್ತೆ ಜ್ವರ ಬಂದರೆ ಏನು ಗತಿ? ಗುರುವಾರ ಕೂಸನ್ನು ಕಂಕುಳಿಗೆ ಏರಿಸಿಕೊಂಡು ಸಕ್ಕರಿ, ಊದಿನಕಡ್ಡಿ ತಗೊಂಡು ಊರಾಚೆಯ ದರ್ಗಾಕ್ಕೆ ಹೋದೆ. ನಮ್ಮೂರಲ್ಲಿ ಅದರಲ್ಲೇನೂ ವಿಶೇಷ ಇಲ್ಲ. ನನ್ನ ಮಗನಿಗೆ ಸಣ್ಣವನಿದ್ದಾಗ ಕೆಮ್ಮು ಹತ್ತಿದ್ದಕ್ಕೆ ಹರಕಿ ಹೊತ್ತು, ಅಲಾಯಿ ಹಬ್ಬಕ್ಕೆ, ಅಂದರೆ ಮೊಹರಮ್ಮಿಗೆ, ಐದು ವರ್ಷ ಕೆಂಪು ಲಾಡಿ ಕಟ್ಟಿ ಫಕೀರ ಮಾಡಿದ್ದೆ. ಕಷ್ಟ ಬಂದರೆ ಕಾಲು ತಾವೇ ಆ ಕಡೆ ನಡೆಯುತ್ತವೆ. ಅವತ್ತೂ ಹಾಗೇ ನಡೆದವು, ತಲೆ ಹಿಂದೆ ಉಳಿಯಿತು.

ದರ್ಗಾ ನೋಡಿಕೊಳ್ಳುವ ಮುಜಾವರ ನಮ್ಮ ಹಿಂದಿನ ಓಣಿಯವನೇ. ಅವನ ಹೆಂಡತಿಯನ್ನು ನಾನು ಬೂಬು ಅನ್ನುತ್ತೇನೆ, ಅವಳು ನನ್ನನ್ನು ಅಕ್ಕಾ ಅನ್ನುತ್ತಾಳೆ. ಇಬ್ಬರೂ ಒಂದೇ ನಳಕ್ಕೆ ನೀರಿಗೆ ನಿಂತು ಮುದುಕೇರಾದವರು. ಅವತ್ತು ಬೂಬು ಕಟ್ಟೆ ಕಸ ಹೊಡೆಯುತ್ತಿದ್ದಳು, ಮುಜಾವರ ನವಿಲುಗರಿ ಹಿಡಿದು ಕುಳಿತಿದ್ದ. ನಾನು ಹೊಸ್ತಿಲ ಹತ್ತಿರ ಸಕ್ಕರಿ ಇಟ್ಟು, ಅದರ ಮೇಲೆ ಚಂಚಿಯಿಂದ ಚೀಟಿ ತೆಗೆದಿಟ್ಟೆ. ದೇವರಿಗೂ ಕಾಗದ ಪತ್ರ ತೋರಿಸಿದರೆ ಛಲೋ ಅಂತ ನನ್ನ ದವಾಖಾನಿ ಬುದ್ಧಿ. ಕಣ್ಣು ಮುಚ್ಚಿ ಕೈ ಮುಗಿದು, ನನ್ನ ರೂಢಿಯಂತೆ ದರ್ಗಾದ ಅಜ್ಜನನ್ನು ಗಟ್ಟಿಯಾಗಿಯೇ ಬೇಡಿಕೊಂಡೆ.

"ಅಜ್ಜಾ, ಈ ಕೂಸಿಗೆ ಕತ್ತಿ ಸೋಕದಂಗ ಮಾಡು. ಊರಿಗೆಲ್ಲ ಸಕ್ಕರಿ ಹಂಚತೀನಿ."

ಮುಜಾವರ ಗಾಬರಿಯಾಗಿ ಎದ್ದ. "ಯಾರವಾ ಕತ್ತಿ ಹಿಡದವ್ರು? ಹೊಲದ ಜಗಳೇನು?"

"ಜಗಳಲ್ಲೋ. ಡಾಕ್ಟ್ರ ಕತ್ತಿ."

"ಡಾಕ್ಟ್ರ ಯಾಕ ಕತ್ತಿ ಹಿಡಿದ್ರು?"

ಹೇಳದೆ ದಾರಿ ಇರಲಿಲ್ಲ. ಹೇಳಿದೆ. ಮುಜಾವರ ನವಿಲುಗರಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ. ಅದರ ಹಿಂದೆ ಅವನ ಭುಜ ಕುಣಿಯುತ್ತಿದ್ದವು. ಬೂಬು ಅಷ್ಟೂ ಮರ್ಯಾದಿ ಇಡಲಿಲ್ಲ. ಕಸಬರಿಗಿ ಕೈಬಿಟ್ಟು ಕಟ್ಟೆಯ ಮೇಲೆ ಕುಳಿತು, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯಯ್ಯ ಅಕ್ಕಾ! ನಮ್ಮ ಮಂದಿ ಮಕ್ಕಳ ಸುನ್ನತಿ ಸುಸೂತ್ರ ಆಗಲಿ ಅಂತ ಈ ಕಟ್ಟಿಗೆ ಬಂದು ಬೇಡ್ತಾರ. ನೀ ಒಬ್ಬಾಕಿ ಬಂದು ಆಗದಿರಲಿ ಅಂತ ಬೇಡಾಕತ್ತಿ. ಅಜ್ಜ ಯಾರ ಮಾತು ಕೇಳಬೇಕು ಹೇಳು?"

"ನಗಬ್ಯಾಡ ಬೇ. ನಂದು ನನಗ ಆಗೇತಿ."

"ನಗಲಾರದ ಏನ್ ಮಾಡ್ಲಿ? ನಿಮ್ಮ ಹನುಮಪ್ಪನ ಗುಡಿ ಬಿಟ್ಟು ಇಲ್ಲಿಗ್ಯಾಕ ಬಂದಿ?"

"ಹನುಮಪ್ಪಗ ಇದು ತಿಳಿಯಂಗಿಲ್ಲ. ಈ ವಿಷಯ ತಿಳಿದವ್ರು ನೀವಲ್ಲೇನು?"

ಈ ಮಾತಿಗೆ ಮುಜಾವರನೂ ನವಿಲುಗರಿ ಕೆಳಗಿಟ್ಟು ನಕ್ಕ. ಕಂಕುಳಲ್ಲಿದ್ದ ಕೂಸು ಎಲ್ಲರೂ ನಗುವುದು ನೋಡಿ ತಾನೂ ಕೇಕೆ ಹಾಕಿತು. ಆಮೇಲೆ ಮುಜಾವರ ಚೀಟಿ ಎತ್ತಿ ಕಣ್ಣಿಗೆ ಹತ್ತಿರ ಹಿಡಿದು ಓದಿದ. ಇಂಗ್ಲಿಷು ಅವನಿಗೂ ಬರುವುದಿಲ್ಲ, ಆದರೆ ಕೆಳಗೆ ಮೇಡಂ ಕನ್ನಡದಲ್ಲಿ ಬರೆದಿದ್ದರು.

"ಸೋಮವಾರ ತಪ್ಪದೇ ಬರಬೇಕು ಅಂತ ಐತಿ. ತಪ್ಪದೇ ಅನ್ನೋದರ ಕೆಳಗ ಎರಡು ಗೀಟು ಎಳದಾರ," ಅಂದ. "ಡಾಕ್ಟ್ರು ಎಳೆದ ಗೀಟಿನ ಮ್ಯಾಲ ನಾ ಮಂತ್ರ ಹಾಕಂಗಿಲ್ಲವಾ. ದಾರ ಬೇಕಂದ್ರ ಕಟ್ತೀನಿ, ಆಪರೇಷನ್ ಮಾಡಿಸ್ಕೊಂಡು ಬಂದ ಮ್ಯಾಲ."

ಬೂಬು ಕಣ್ಣು ಒರೆಸಿಕೊಂಡಳು. "ನಿಮ್ಮ ಮನಿಯವ್ರು ಏನಂತಾರ?"

"ಅವ್ರು ಒಪ್ಪಂಗಿಲ್ಲ."

ಗಂಡನನ್ನು ನಾನು ಕೇಳಿಯೇ ಇರಲಿಲ್ಲ.

"ಸೊಸಿ ಏನಂತಾಳ?"

ನಾನು ಸಕ್ಕರಿ ಪೊಟ್ಟಣ ಸರಿಮಾಡುತ್ತಾ ಕುಳಿತೆ. ಬೂಬುವಿನ ನಗು ನಿಂತಿತು.

"ಆಕಿಗೆ ಹೇಳೇ ಇಲ್ಲ ನೀ!" ಅಂದಳು. "ಅಕ್ಕಾ, ನನ್ನ ಮೊಮ್ಮಗನ್ನ ನಿನ್ನ ಮಾತು ನಂಬಿ ನಿಮ್ಮ ದವಾಖಾನಿಗೆ ತಂದೆ. ನಾ ಅಳೂ ಮುಂದ ಚಿಗುರು ಚಿವುಟಿದಷ್ಟು ಅಂದಿ. ನಿನ್ನ ಮೊಮ್ಮಗ ಏನು ಬಂಗಾರದ ಗಿಡಾನಾ? ಶನಿವಾರ ಮಟ ಟೈಮ್ ಕೊಡ್ತೀನಿ. ನೀ ಹೇಳಲಿಲ್ಲಂದ್ರ ನಾ ಬಂದು ಹೇಳ್ತೀನಿ."

ನನಗೆ ಸಿಟ್ಟು ಬಂತು. ಚೀಟಿ ಕಸಿದುಕೊಂಡು, ಸಕ್ಕರಿ ಅಲ್ಲೇ ಬಿಟ್ಟು ಮನಿಗೆ ಬಂದೆ. ಶುಕ್ರವಾರ ಇಡೀ ದಿನ ಹೇಳಲಿಲ್ಲ. ಸೊಸಿ ರೊಟ್ಟಿ ಬಡಿಯುವಾಗ ಹೇಳೋಣ ಅಂದುಕೊಂಡೆ, ರೊಟ್ಟಿ ಮುಗಿಯಿತು. ಊಟಕ್ಕೆ ಕುಳಿತಾಗ ಅಂದುಕೊಂಡೆ, ಊಟ ಮುಗಿಯಿತು.

ಶನಿವಾರ ಮುಂಜಾನೆ ಬೂಬು ಬರುವುದಕ್ಕಿಂತ ಮುಂಚೆ ಜ್ವರ ಬಂತು.

ಈ ಸಲದ್ದು ಹಿಂದಿನವುಗಳ ಹಾಗಿರಲಿಲ್ಲ. ಕೂಸು ಅಳಲೂ ಇಲ್ಲ. ಹಾಲು ಕುಡಿಯದೆ, ಕುತ್ತಿಗಿ ಸೋತು, ತಾಯಿಯ ಭುಜದ ಮೇಲೆ ಹಸೀ ಅರಿವಿಯ ಹಾಗೆ ಬಿದ್ದುಕೊಂಡಿತ್ತು. ಸೊಸಿ ತೋಟದ ಅಂಗಿ ಹಾಕಿಕೊಂಡವಳು ಅದನ್ನು ಬಿಚ್ಚಿ ಎಸೆದು, "ಅತ್ತಿ, ಮುಲಾಮು ಹಚ್ಚಿದ್ರೂ ಯಾಕ ಬಂತು? ಡಾಕ್ಟ್ರು ಮತ್ತೇನರ ಅಂದಿದ್ರೇನು?" ಅಂತ ಕೇಳಿದಳು.

ಚಂಚಿ ಬಿಚ್ಚಿ ಚೀಟಿ ಕೊಟ್ಟೆ. ಒಂದು ಮೂಲೆಗೆ ಸುಣ್ಣ ಹತ್ತಿ ಗಟ್ಟಿಯಾಗಿತ್ತು. ಸೊಸಿ ಅದನ್ನು ಎರಡು ಸಲ ಓದಿದಳು. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಜಗಳ ಆಡುವುದು ನನಗೆ ಬರುತ್ತದೆ. ಅವಳು ಬೈಯಲಿಲ್ಲ.

"ಕೊಪ್ಪಳದ ಬಸ್ ಎಷ್ಟೊತ್ತಿಗೆ?" ಅಂತ ಅಷ್ಟೇ ಕೇಳಿದಳು. ಅದನ್ನೂ ನನ್ನನ್ನಲ್ಲ, ಮಾವನನ್ನು.

ನಮ್ಮ ಮನಿಯವರು ಅಂಗಳದಲ್ಲಿ ಎತ್ತಿಗೆ ಹಿಂಡಿ ಕಲಸುತ್ತಿದ್ದವರು ಕೈ ಜಾಡಿಸಿಕೊಂಡು ಬಂದರು. ಸೊಸಿ ಚೀಟಿ ಓದಿ ಹೇಳಿದಳು. ನಾನು ಬಾಯಿ ತೆರೆದೆ.

"ನೀವು ಬ್ಯಾಡ ಅಂತೀರಿ ಅಂತ..."

"ನಾ ಯಾವಾಗ ಅಂದೆ?"

"ಅಂತಿದ್ರಿ."

"ನಲವತ್ತು ವರ್ಷದಾಗ ಒಂದು ಮಾತು ಆಡಾಕ ಬಿಟ್ಟಿಲ್ಲ ನನ್ನ. ಆಡಲಾರದ ಮಾತನ್ನೂ ನನ್ನ ಹೆಸರಿಗೆ ಹಚ್ಚತೀಯಲ್ಲ! ಕೂಸು ಉಚ್ಚಿ ಹೊಯ್ಯೋದು ನೋಡ್ತೀಯೋ, ಓಣಿ ಮಂದಿ ಬಾಯಿ ನೋಡ್ತೀಯೋ? ನಡಿ, ಟವೆಲ್ ಹಸೀ ಮಾಡ್ಕೊಂಡು ಬಾ."

ಬಸ್ಸಿನಲ್ಲಿ ನಾನು ಹಸೀ ಟವೆಲ್ ಕೊಡುತ್ತಾ ಹೋದೆ, ಸೊಸಿ ಅದನ್ನು ಕೂಸಿನ ಹಣೆಗೆ ಇಡುತ್ತಾ ಹೋದಳು. ಕೂಸನ್ನು ನನ್ನ ಕೈಗೆ ಕೊಡಲಿಲ್ಲ.

ಕೊಪ್ಪಳದಲ್ಲಿ ಕೂಡಲೇ ಸಲೈನ್ ಹಚ್ಚಿದರು. ಸೋಂಕು ಭಾಳ ಏರಿತ್ತು, ಬಲಗಡೆಯ ಕಿಡ್ನಿ ಇನ್ನಷ್ಟು ಊದಿತ್ತು. ಪೂರಾ ಇಳಿಯುವ ತನಕ ಆಪರೇಷನ್ ಮಾತೇ ಇಲ್ಲ ಅಂದರು. ಹತ್ತು ದಿನ ಅಲ್ಲೇ ಇದ್ದೆವು, ಮಗ ಡ್ಯೂಟಿ ಇಲ್ಲದ ದಿನ ಬಂದು ಹೋಗುತ್ತಿದ್ದ. ಮೊದಲ ನಾಲ್ಕು ದಿನ ಜ್ವರ ಇಳಿಯಿತು ಅನ್ನುವುದರೊಳಗೆ ಮತ್ತೆ ಏರುತ್ತಿತ್ತು. ಮಂಗಳವಾರವೇ ಹೇಳಿದ್ದರೆ ಜ್ವರ ಬರುತ್ತಿತ್ತೋ ಇಲ್ಲವೋ, ಅದು ಡಾಕ್ಟರಿಗೂ ಗೊತ್ತಿಲ್ಲ. ನಾನು ಕೇಳಿಯೂ ಇಲ್ಲ. ಕೇಳಿ ಸಮಾಧಾನದ ಮಾತು ಹೇಳಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ. ಸೊಸಿ ಕಾಟಿನ ಮೇಲೆ, ನಾನು ಕಾಟಿನ ಕೆಳಗೆ. ಚಾ ತರುವುದು, ಅರಿವಿ ಒಗೆಯುವುದು, ಸಲೈನ್ ಮುಗಿದರೆ ಸಿಸ್ಟರನ್ನು ಕೂಗುವುದು. ರಿಟೈರ್ ಆದವಳು ಮತ್ತೆ ಆಯಾ ಆದೆ.

ಐದನೇ ದಿನ ಜ್ವರ ಹೋಯಿತು. ಆರನೇ ದಿನ ಕೂಸು ಸಿಸ್ಟರ್ ಪೆನ್ನು ಕಸಿದುಕೊಂಡಿತು. ಅವತ್ತು ನಾನು ಹೊಟ್ಟೆ ತುಂಬ ಊಟ ಮಾಡಿದೆ.

ಆಪರೇಷನ್ ದಿನ ಹೊರಗೆ ಬೆಂಚಿನ ಮೇಲೆ ನಮ್ಮ ಜೋಡಿ ಯಲಬುರ್ಗಾ ಕಡೆಯ ಒಂದು ಸಾಬರ ಮನೆತನ ಇತ್ತು. ಅವರದು ಏಳು ವರ್ಷದ ಹುಡುಗ, ಜರಿ ಅಂಗಿ, ಕೊರಳಲ್ಲಿ ಮೂರು ಹಾರ. ಮೂರರ ಭಾರಕ್ಕೆ ಮದುಮಗನ ಹಾಗೆ ಕುಳಿತಿದ್ದ. ಅವನ ಅಜ್ಜಿ ನನ್ನಷ್ಟೇ ಮುದುಕಿ, ನನಗಿಂತ ಬಾಯಿ ಜಾಸ್ತಿ.

"ನಿಮ್ದು ಎಷ್ಟು ವರ್ಷದ್ದುರಿ?"

"ವರ್ಷದ ಮ್ಯಾಲ ಮೂರು ತಿಂಗಳು."

"ಯಾ ಅಲ್ಲಾ! ಇಷ್ಟು ಗಡಿಬಿಡಿ ಯಾಕ ಮಾಡಿದ್ರಿ? ಬೆಸ ವರ್ಷ ನೋಡಬೇಕಿಲ್ಲೇನ್ರಿ?"

"ನಾವು ಹಿಂದೂ ಮಂದಿರಿ. ರೋಗದ ಸಲುವಾಗಿ ಮಾಡಿಸಾಕತ್ತೇವಿ."

ಅಜ್ಜಿ ನಮ್ಮ ಕೂಸಿನ ಗಲ್ಲ ಹಿಡಿದು ನೋಡಿದಳು. "ಹಂಗಾರ ನಿಮಗ ವರ್ಷದ ಲೆಕ್ಕ ಇಲ್ಲ ಬಿಡ್ರಿ. ಆದ್ರ ಬರೇ ಕೊರಳಿಲೆ ಒಳಗ ಕಳಿಸಬಾರದ್ರಿ, ಕೂಸು ಏನು ತಪ್ಪು ಮಾಡೇತಿ?" ಅಂದು, ಮೊಮ್ಮಗನ ಕೊರಳಿಂದ ಒಂದು ಹಾರ ತೆಗೆದು ನಮ್ಮ ಕೂಸಿಗೆ ಹಾಕಿ, ನಾನು ಬ್ಯಾಡ ಅನ್ನುವುದರೊಳಗೆ ಚಿಟಿಕಿ ಸಕ್ಕರಿಯನ್ನು ಅದರ ಬಾಯಿ ಕಡೆ ತಂದಳು. ಏನೂ ತಿನ್ನಿಸಬ್ಯಾಡಿ ಅಂದಾರ ಅಂತ ಸೊಸಿ ಅವಳ ಕೈ ಹಿಡಿದಳು. ಅಜ್ಜಿ ಆ ಸಕ್ಕರಿಯನ್ನು ನನ್ನ ಬಾಯಿಗೆ ಹಾಕಿದಳು. ಹಾಕಿದ ಮೇಲೆ ಏನು ಮಾಡುವುದು, ನುಂಗಿದೆ.

ಅದೇ ಹೊತ್ತಿಗೆ ನಮ್ಮ ಮನಿಯವರು ಊರಿಂದ ಬುತ್ತಿ ಕಟ್ಟಿಸಿಕೊಂಡು ಬಂದರು. ಹಾರ ಹಾಕಿಕೊಂಡ ಮೊಮ್ಮಗನನ್ನು ನೋಡಿದರು, ಸಕ್ಕರಿ ಹತ್ತಿದ ನನ್ನ ತುಟಿ ನೋಡಿದರು.

"ಕುದುರಿ ಎಲ್ಲಿ ಕಟ್ಟೀರಿ?" ಅಂದರು.

ಹತ್ತು ದಿನದ ಮೇಲೆ ಸೊಸಿ ನಕ್ಕಳು. ನನ್ನ ಕಡೆ ನೋಡಿ ಅಲ್ಲ, ಆದರೂ ನಕ್ಕಳು.

ಹಾರ ತೆಗೆಸಿ ಸಿಸ್ಟರ್ ಒಳಗೆ ಒಯ್ದರು. ಅರ್ಧ ತಾಸು ಆಗಿರಬೇಕು. ನಾನು ಎಷ್ಟು ಮಕ್ಕಳನ್ನು ಹೀಗೆ ಒಳಗೆ ಒಯ್ದವಳು, ಹೊರಗೆ ಕುಳಿತವರ ಅರ್ಧ ತಾಸು ಎಷ್ಟು ಉದ್ದ ಇರುತ್ತದೆ ಅಂತ ಅವತ್ತು ಗೊತ್ತಾಯಿತು. ತಾಯಂದಿರಿಗೆ ಏನೇನು ಅಂದಿದ್ದೆನೋ ಎಲ್ಲ ನೆನಪಾಗಿ, ನನ್ನ ಮುಂದೆ ನನ್ನಂಥ ಆಯಾ ಯಾರೂ ಇಲ್ಲದ್ದು ಪುಣ್ಯ ಅನಿಸಿತು.

ಎಲ್ಲ ಸುಸೂತ್ರ ಆಯಿತು. ಮನಿಗೆ ಬಂದೆವು. ಗಾಯ ಒಂದು ವಾರಕ್ಕೆ ಮಾಯಿತು. ಮುಜಾವರ ಹೇಳಿದ ಹಾಗೆ ದಾರ ಕಟ್ಟಿ ಹೋದ. ಬೂಬು ನನ್ನ ಹರಕಿಯ ಕಥೆಯನ್ನು ನಳದ ಹತ್ತಿರ ಹೇಳದೆ ಉಳಿದಿದ್ದರೆ ಅವಳು ಬೂಬುವೇ ಅಲ್ಲ. ಒಂದು ಕೊಡ ತುಂಬುವುದರೊಳಗೆ ಓಣಿಗೆಲ್ಲ ಗೊತ್ತಾಯಿತು. ನಾನು ಎದುರು ನೋಡಿದ ಹಾಗೆ ಯಾರೂ ಆಡಿಕೊಳ್ಳಲಿಲ್ಲ. ಅದಕ್ಕಿಂತ ಕೆಟ್ಟದ್ದಾಯಿತು: ಓಣಿಯ ಹೆಂಗಸರೆಲ್ಲ ತಮ್ಮ ಗಂಡು ಕೂಸುಗಳನ್ನು ಎತ್ತಿಕೊಂಡು ನಮ್ಮ ಮನಿಯ ಕಟ್ಟೆಗೆ ಬಂದರು.

"ಆಯಮ್ಮ, ನಮ್ದೂ ಬಿಗಿ ಐತೇನು ನೋಡು."

ನನಗೇನು ಗೊತ್ತು? ಆರು ಜನರನ್ನು ಒಂದೇ ದಿನ ದವಾಖಾನಿಗೆ ಕಳಿಸಿದೆ. ಮರುದಿನ ಡಾಕ್ಟರ್ ಮೇಡಂ ಫೋನ್ ಮಾಡಿದರು.

"ಆಯಮ್ಮ, ಅಂಗಡಿ ತೆರೆದೀರೇನು? ಸಣ್ಣ ಕೂಸಿಗೆ ಚರ್ಮ ಬಿಗಿ ಇರೋದೇ ಸಹಜ. ಬೆಳೀತಾ ತಾನೇ ಸಡಿಲಾಗ್ತೈತಿ. ಯಾರೂ ಕೈ ಹಚ್ಚಬಾರದು, ಎಳೀಬಾರದು. ನಿಮ್ಮ ಮೊಮ್ಮಗಗ ಸೋಂಕು ಬಿಡವಲ್ದಾಗಿತ್ತು, ಕಿಡ್ನಿ ಊದಿತ್ತು, ಅದಕ್ಕ ಬೇಕಾತು. ಎಲ್ಲರಿಗೂ ಬೇಕಂತ ಯಾರು ಹೇಳಿದ್ರು?"

ಅವತ್ತಿನಿಂದ ಕಟ್ಟೆಗೆ ಬಂದವರಿಗೆ ಅರಿವಿ ಬಿಚ್ಚುವುದಕ್ಕೆ ಮುಂಚೆಯೇ ಕೇಳುತ್ತೇನೆ. ಉಚ್ಚಿಗೆ ಅಳ್ತದೇನು? ಮ್ಯಾಲಿಂದ ಮ್ಯಾಲ ಜ್ವರ ಬಂದಾವೇನು? ಇಲ್ಲ? ಹಂಗಾರ ಎದ್ದು ಹೋಗ್ರಿ, ಚಾ ಇಲ್ಲ. ಒಬ್ಬಳು ತನ್ನ ಮಗನಿಗೆ ಏನೂ ಆಗಿಲ್ಲ ಅಂದದ್ದಕ್ಕೆ ಮುಖ ಸಣ್ಣ ಮಾಡಿಕೊಂಡು, "ನಿಮ್ಮ ಮೊಮ್ಮಗಗ ಅಷ್ಟೇ ಏನ್ ಕೊಪ್ಪಳಾ?" ಅಂದಳು. ಇದ್ದರೆ ಅಳುತ್ತಾರೆ, ಇಲ್ಲದಿದ್ದರೂ ಅಳುತ್ತಾರೆ.

ಮನಿಯೊಳಗೆ ಮಾತ್ರ ನನ್ನ ಸಜಾ ಮುಗಿದಿರಲಿಲ್ಲ. ಸೊಸಿ ಕೂಸನ್ನು ತೋಟಕ್ಕೇ ಒಯ್ಯತೊಡಗಿದಳು. ಬಲೆಯ ಹೊರಗೆ ಬೇವಿನ ಗಿಡಕ್ಕೆ ಸೀರಿಯ ಜೋಳಿಗಿ ಕಟ್ಟಿ, ಅರ್ಧ ಕಣ್ಣು ಹೂವಿನ ಮೇಲೆ, ಅರ್ಧ ಕಣ್ಣು ಜೋಳಿಗಿಯ ಮೇಲೆ. ನನ್ನ ಕಡೆ ಬಿಟ್ಟು ಹೋಗು ಅಂತ ನಾನು ಅನ್ನಲಿಲ್ಲ. ಅನ್ನುವ ಬಾಯಿ ಇರಲಿಲ್ಲ. ಎರಡು ತಿಂಗಳು ಹಾಗೇ ಹೋಯಿತು. ಉಚ್ಚಿ ಪರೀಕ್ಷಾ ಮೂರು ಸಲ ಆಯಿತು, ಮೂರೂ ಸಲ ಸೋಂಕಿಲ್ಲ. ಮತ್ತೆ ಸ್ಕ್ಯಾನ್ ಮಾಡಿದರು, ಕಿಡ್ನಿಯ ಊತ ಇಳಿದಿತ್ತು.

ಆ ಸ್ಕ್ಯಾನ್ ಆದ ಮರುದಿನ ಮುಂಜಾನೆ ನಾನು ಜೋಳ ಹಸನು ಮಾಡುತ್ತಾ ಕಟ್ಟೆಯ ಮೇಲೆ ಕುಳಿತಿದ್ದೆ. ಸೊಸಿ ತೋಟದ ಅಂಗಿ ಹಾಕಿಕೊಂಡು ಬಂದು, ಕೂಸನ್ನು ನನ್ನ ತೊಡೆಯ ಮೇಲೆ ಕೂಡಿಸಿದಳು.

"ಅತ್ತಿ, ಏನರ ಆದ್ರ ನನಗ ಫೋನ್ ಮಾಡ್ರಿ."

"ಮಾಡ್ತೀನಿ."

"ಏನಾದ್ರೂ."

"ಏನಾದ್ರೂ ಮಾಡ್ತೀನಿ, ನಡಿ."

ಅವಳು ಓಣಿಯ ಮೂಲೆಯ ತನಕ ಹೋಗಿ ಟಂಟಂ ಆಟೋ ಕಾಯುತ್ತಾ ನಿಂತಳು. ಅಲ್ಲಿ ತೋಟಕ್ಕೆ ಹೋಗುವ ನಾಲ್ಕೈದು ಹೆಂಗಸರಿದ್ದರು. ಇಲ್ಲಿ ನನ್ನ ತೊಡೆಯ ಮೇಲೆ ಕೂಸು ಜೋಳದ ಮೊರಕ್ಕೆ ಕೈ ಹಾಕುತ್ತಾ ಹಾಕುತ್ತಾ ಒಮ್ಮೆಲೆ ಸುಮ್ಮನಾಯಿತು. ನನ್ನ ಇಳಕಲ್ ಸೀರಿ ಬೆಚ್ಚಗಾಯಿತು. ನಾನು ಅದರ ಮುಖ ನೋಡಿದೆ. ಹುಬ್ಬು ಗಂಟಿಕ್ಕಲಿಲ್ಲ, ಬೆನ್ನು ಸೆಟೆಸಲಿಲ್ಲ. ಇನ್ನೊಂದು ಹಿಡಿ ಜೋಳ ಎತ್ತಿ ಅಂಗಳಕ್ಕೆ ಚೆಲ್ಲಿತು.

ಟಂಟಂ ಬಂದು ನಿಂತಿತ್ತು. ಸೊಸಿ ಒಂದು ಕಾಲು ಒಳಗಿಟ್ಟಿದ್ದಳು. ಫೋನ್ ಎಲ್ಲಿಟ್ಟಿದ್ದೆನೋ ಸಿಗಲಿಲ್ಲ. ಎದ್ದು ನಿಂತು ಕೂಗಿದೆ:

"ಏ ಇವಳ, ಹೊಯ್ದಾನ! ಅಳಲಿಲ್ಲ!"

ಟಂಟಂ ತುಂಬ ಹೆಂಗಸರು ಹೋ ಅಂದು ನಕ್ಕರು. ಸೊಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅದನ್ನ ಊರಿಗೆಲ್ಲ ಸಾರಬೇಕೇನ್ರಿ ಅತ್ತಿ?" ಅಂತ ಅಲ್ಲಿಂದಲೇ ಕೂಗಿ, ಒಳಗೆ ಹತ್ತಿ ಕುಳಿತಳು.